ಬಳಸಿದ ಅಣು ಇಂಧನ ಎಲ್ಲಿ, ಎಷ್ಟು ವರ್ಷ? ನನ್ನ ಚಾರ್ಟ್ ಇಲ್ಲಿಯವರೆಗೆ

ಪ್ರಾಜೆಕ್ಟ್ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅಣು ವಿದ್ಯುತ್ ಸ್ಥಾವರದಲ್ಲಿ ಬಳಸಿ ಹೊರಗೆ ತೆಗೆದ ಇಂಧನವನ್ನು ಮೊದಲು ಸ್ಥಾವರದ ಒಳಗೇ ಇಡುತ್ತಾರೆ. ಎಷ್ಟೋ ಕಡೆ ಅದು ದಶಕಗಟ್ಟಲೆ ಅಲ್ಲೇ ಉಳಿಯುತ್ತದೆ. ಹಾಗೆ ಇಡುವುದರಿಂದ ಸುತ್ತಲಿನ ನೀರು, ಮಣ್ಣು, ಜನಕ್ಕೆ ಏನಾಗಬಹುದು ಎಂದು ಮುಂಚೆಯೇ ಪರಿಶೀಲಿಸಬೇಕು. ಯಾವ ಸ್ಥಾವರದಲ್ಲಿ ಆ ಪರಿಶೀಲನೆ ಹೇಗೆ ನಡೆಯಿತು, ಅದರಲ್ಲಿ ಎಷ್ಟು ವರ್ಷದ ಲೆಕ್ಕ ಹಿಡಿದರು ಎಂದು ಒಂದು ದೊಡ್ಡ ಚಾರ್ಟ್ ಮಾಡುತ್ತಿದ್ದೇನೆ. ಜೊತೆಗೆ ಶಾಖದ ಲೆಕ್ಕದ ಒಂದು ಹಾಳೆ, ಶಾಲೆ ಮಕ್ಕಳು ಕೈಯಲ್ಲಿ ಹಿಡಿದು ನೋಡುವಂಥ ಒಂದು ಮಾದರಿ.

ನಾನು ಉತ್ತರ ಕನ್ನಡದವನು. ಕಾಳಿ ನದಿ, ಕದ್ರಾ ಜಲಾಶಯ, ಕೈಗಾ ಎಲ್ಲ ನಮ್ಮ ಜಿಲ್ಲೆಯವೇ. ಕೈಗಾ ಅಂದರೆ ಊರಲ್ಲಿ ಒಬ್ಬರು ಏನೂ ಆಗಲ್ಲ ಅನ್ನುತ್ತಾರೆ, ಇನ್ನೊಬ್ಬರು ಎಲ್ಲಾ ಹಾಳಾಯಿತು ಅನ್ನುತ್ತಾರೆ. ಇಬ್ಬರಿಗೂ ತೋರಿಸಬಹುದಾದ ಲೆಕ್ಕ ಬೇಕು ಅನ್ನಿಸಿ ಶುರು ಮಾಡಿದೆ.

ಶಾಖದ ಹಾಳೆ

ಇದು ಮುಗಿದಿದೆ. ಕೈಗಾದಲ್ಲಿ ಈಗ ಇರುವುದು 220 ಮೆಗಾವ್ಯಾಟ್‌ನ ನಾಲ್ಕು ಭಾರಜಲ ರಿಯಾಕ್ಟರ್. ಒಂದೊಂದರಲ್ಲಿ 306 ಕೊಳವೆ, ಪ್ರತಿ ಕೊಳವೆಯಲ್ಲಿ 12 ಬಂಡಲ್, ಅಂದರೆ ಇಂಧನ ಕಡ್ಡಿಗಳ ಕಟ್ಟು. ಅಂದರೆ ಒಂದು ರಿಯಾಕ್ಟರ್‌ಗೆ 3,672 ಬಂಡಲ್. ಒಂದು ಬಂಡಲ್ ಅರ್ಧ ಮೀಟರ್ ಉದ್ದ, ಎಂಟು ಸೆಂಟಿಮೀಟರ್ ದಪ್ಪ. ಅದರಲ್ಲಿ ಸುಮಾರು 13.4 ಕೆಜಿ ಯುರೇನಿಯಂ.

220 ಮೆಗಾವ್ಯಾಟ್ ವಿದ್ಯುತ್ ಬರಲು ಸುಮಾರು 750 ಮೆಗಾವ್ಯಾಟ್ ಶಾಖ ಬೇಕು. ಒಂದು ಟನ್ ಯುರೇನಿಯಂನಿಂದ ಸುಮಾರು 7,000 ಮೆಗಾವ್ಯಾಟ್-ದಿನದಷ್ಟು ಶಾಖ ತೆಗೆಯುತ್ತಾರೆ. ವರ್ಷದ ಶೇ. 85 ಭಾಗ ಸ್ಥಾವರ ನಡೆಯಿತು ಎಂದು ಹಿಡಿದರೆ ಒಂದು ರಿಯಾಕ್ಟರ್‌ನಿಂದ ವರ್ಷಕ್ಕೆ ಸುಮಾರು 33 ಟನ್ ಹೊರಗೆ ಬರುತ್ತದೆ. ನಾಲ್ಕೂ ಸೇರಿ 130 ಟನ್ ದಾಟುತ್ತದೆ. ಬಂಡಲ್ ಲೆಕ್ಕದಲ್ಲಿ ಒಂಬತ್ತೂವರೆ ಸಾವಿರಕ್ಕಿಂತ ಜಾಸ್ತಿ.

ಕೇಳಲು ದೊಡ್ಡದು. ಆದರೆ ಅದರ ಗಾತ್ರ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ಬರೀ ಬಂಡಲ್‌ಗಳ ಗಾತ್ರ ಕೂಡಿಸಿದರೆ 25 ಘನ ಮೀಟರ್ ಆಸುಪಾಸು. ಒಂದು ಸಣ್ಣ ಕೋಣೆಯಷ್ಟು. ಹಾಗಾಗಿ ಜಾಗ ಇಲ್ಲಿ ಸಮಸ್ಯೆಯೇ ಅಲ್ಲ. ಶಾಖ, ವಿಕಿರಣ, ಮತ್ತು ಅವು ಎಷ್ಟು ಕಾಲ ಉಳಿಯುತ್ತವೆ ಎಂಬುದು ಸಮಸ್ಯೆ.

ಶಾಖಕ್ಕೆ ವೇ–ವಿಗ್ನರ್ ಸೂತ್ರ ಬಳಸಿದೆ. 1940ರ ದಶಕದಲ್ಲಿ ಕ್ಯಾಥರೀನ್ ವೇ ಮತ್ತು ಯೂಜೀನ್ ವಿಗ್ನರ್ ಕೊಟ್ಟದ್ದು. ಪಿಯುಸಿ ಗಣಿತ ಸಾಕು. ರಿಯಾಕ್ಟರ್ ಒಳಗೆ ಇರುವಾಗ ಒಂದು ಬಂಡಲ್ ಸರಾಸರಿ 200 ಕಿಲೋವ್ಯಾಟ್ ಶಾಖ ಕೊಡುತ್ತದೆ. ಹೊರಗೆ ತೆಗೆದ ಮರುದಿನ ಅದು 1 ಕಿಲೋವ್ಯಾಟ್‌ಗೆ ಇಳಿದಿರುತ್ತದೆ. ಒಂದು ವರ್ಷಕ್ಕೆ 70 ವ್ಯಾಟ್. ಹತ್ತು ವರ್ಷಕ್ಕೆ ಸುಮಾರು 7 ವ್ಯಾಟ್, ನಮ್ಮ ಮನೆಯ ಒಂದು ಎಲ್‌ಇಡಿ ಬಲ್ಬಿನಷ್ಟು. ವರ್ಷಗಳು ಕಳೆದಂತೆ ಈ ಸೂತ್ರದ ಉತ್ತರ ನಿಜಕ್ಕಿಂತ ಸ್ವಲ್ಪ ಬೇರೆಯಾಗುತ್ತದೆ. ನಿವೃತ್ತ ಭೌತಶಾಸ್ತ್ರದ ಮಾಸ್ತರರೊಬ್ಬರು ಹಾಳೆ ಪೂರ್ತಿ ನೋಡಿ ಆ ಟಿಪ್ಪಣಿ ಸೇರಿಸಲು ಹೇಳಿದರು. ಸೇರಿಸಿದ್ದೇನೆ.

ಶಾಖ ಇಷ್ಟು ಬೇಗ ಇಳಿಯುವುದರಿಂದಲೇ ಎರಡು ಹಂತದ ಪದ್ಧತಿ ಬಂದದ್ದು. ಮೊದಲ ವರ್ಷಗಳಲ್ಲಿ ನೀರಿನ ಕೊಳ ಬೇಕೇ ಬೇಕು. ನೀರು ಶಾಖವನ್ನೂ ಎಳೆಯುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಆಮೇಲೆ ಕ್ಯಾಸ್ಕ್‌ನಲ್ಲಿ, ಅಂದರೆ ಉಕ್ಕು, ಕಾಂಕ್ರೀಟಿನ ದಪ್ಪ ಗೋಡೆಯ ದೊಡ್ಡ ಡಬ್ಬಿಯಲ್ಲಿ, ಒಣದಾಗಿ ಇಡಬಹುದು. ಪಂಪ್ ಬೇಡ, ಕರೆಂಟ್ ಬೇಡ. ಗಾಳಿ ತಾನಾಗಿ ಓಡಾಡಿ ತಂಪು ಮಾಡುತ್ತದೆ.

ಆದರೆ ಶಾಖ ಇಳಿದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 30 ವರ್ಷ. ಪ್ಲುಟೋನಿಯಂ-239ರದು ಸುಮಾರು 24,000 ವರ್ಷ. ಚಾರ್ಟ್‌ನಲ್ಲಿ "ಎಷ್ಟು ವರ್ಷ" ಎಂಬ ಅಂಕಣ ಬಂದದ್ದು ಇದೇ ಕಾರಣಕ್ಕೆ.

ಮಾದರಿ

ವೈರಿಂಗ್‌ಗೆ ಹಾಕುವ ಸಣ್ಣ ಪೈಪ್ ಅರ್ಧರ್ಧ ಮೀಟರ್ ಕತ್ತರಿಸಿ 19 ಕಡ್ಡಿ ಮಾಡಿದೆ. ನಡುವೆ 1, ಸುತ್ತ 6, ಅದರ ಸುತ್ತ 12. ಕೈಗಾದ ಬಂಡಲ್ ಇರುವುದು ಹೀಗೇ. ಎರಡೂ ತುದಿಗೆ ತಗಡಿನ ಬಿಲ್ಲೆ. ಒಳಗೆ ಮರಳು ತುಂಬಿದೆ. ಆದರೂ ತೂಕ ಎರಡು ಕೆಜಿ ಆಸುಪಾಸು ಬಂತು. ನಿಜವಾದದ್ದು 16 ಕೆಜಿ ಮೇಲೆ. ಯುರೇನಿಯಂ ಎಷ್ಟು ಭಾರ ಎಂದು ಮಕ್ಕಳಿಗೆ ಗೊತ್ತಾಗಲಿ ಅಂತ ಪಕ್ಕದಲ್ಲಿ 16 ಕೆಜಿ ಮರಳಿನ ಚೀಲ ಇಡುತ್ತೇನೆ. ಎತ್ತಿ ನೋಡಲಿ.

ಕೂಡಂಕುಳಂ ಸಾಲು

ಚಾರ್ಟ್‌ನಲ್ಲಿ ಹೆಚ್ಚು ಕೆಲಸ ಕೊಟ್ಟದ್ದು ತಮಿಳುನಾಡು ಕರಾವಳಿಯ ಈ ಸ್ಥಾವರವೇ. ಕಾಗದಪತ್ರ ಓದಿದಷ್ಟೂ ಮುಗಿಯುವುದಿಲ್ಲ.

1988ರ ನವೆಂಬರ್‌ನಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ಒಪ್ಪಂದ ಮಾಡಿಕೊಂಡವು. ಬಳಸಿದ ಇಂಧನ ಸೋವಿಯತ್ ದೇಶಕ್ಕೇ ವಾಪಸ್ ಹೋಗುತ್ತದೆ ಎಂಬುದು ಅದರಲ್ಲಿತ್ತು. 1989ರಲ್ಲಿ ಮೊದಲ ಎರಡು ಘಟಕಕ್ಕೆ ಪರಿಸರ ಅನುಮತಿ ಸಿಕ್ಕಿತು. ಆಗ ದೇಶದಲ್ಲಿ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯೇ ಇರಲಿಲ್ಲ. ಅದು ಬಂದದ್ದು 1994ರಲ್ಲಿ. 1998ರಲ್ಲಿ ರಷ್ಯಾ ಜೊತೆ ಪೂರಕ ಒಪ್ಪಂದ ಆಯಿತು. ಇಂಧನ ಭಾರತದಲ್ಲೇ ಉಳಿಯುತ್ತದೆ ಎಂದು ಬದಲಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅನುಮತಿ ಕೊಟ್ಟಾಗ ಇಂಧನ ಹಡಗಿನಲ್ಲಿ ಹೊರಟುಹೋಗುತ್ತದೆ ಎಂಬ ಲೆಕ್ಕ. ಆಮೇಲೆ ಅದು ಕಡಲ ದಂಡೆಯಲ್ಲೇ ಉಳಿಯುತ್ತದೆ ಎಂದಾಯಿತು. ಸುತ್ತಲಿನವರಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಯಾವುದು? ಹಳೆಯ ಅನುಮತಿ ಮಾತ್ರ ಹಾಗೇ ಮುಂದುವರಿಯಿತು. ಸುಪ್ರೀಂ ಕೋರ್ಟ್‌ಗೆ ಹೋದವರು ಎತ್ತಿದ ಪ್ರಶ್ನೆಗಳಲ್ಲಿ ಇದೂ ಒಂದು. ಇದು ಸರಿಯಾದ ಪ್ರಶ್ನೆ ಎಂದೇ ನನ್ನ ಅಭಿಪ್ರಾಯ. ಸ್ಥಾವರ ಬೇಕು ಅನ್ನುವವರೂ ಇದನ್ನು ಕೇಳಬಹುದಿತ್ತು, ಅಲ್ವಾ?

2013ರ ಮೇ 6ರಂದು ಸುಪ್ರೀಂ ಕೋರ್ಟ್ ಸ್ಥಾವರ ನಡೆಸಲು ಒಪ್ಪಿತು. ಜೊತೆಗೆ 15 ನಿರ್ದೇಶನ ಕೊಟ್ಟಿತು. ರಿಯಾಕ್ಟರ್‌ನಿಂದ ಬೇರೆಯಾದ ದಾಸ್ತಾನು ಕಟ್ಟಡವನ್ನು ಐದು ವರ್ಷದೊಳಗೆ ಕಟ್ಟಬೇಕು ಎಂಬುದು ಅದರಲ್ಲಿ ಒಂದು. ಕಾಗದಗಳಲ್ಲಿ ಇದನ್ನು ಎಎಫ್‌ಆರ್ ಅನ್ನುತ್ತಾರೆ. 2018 ಬಂದರೂ ಆಗಲಿಲ್ಲ. ಕೋರ್ಟ್ 2022ರ ಏಪ್ರಿಲ್‌ವರೆಗೆ ಸಮಯ ಕೊಟ್ಟಿತು. 2019ರ ಜುಲೈ 10ಕ್ಕೆ ಸಾರ್ವಜನಿಕ ಅಹವಾಲು ಸಭೆ ಗೊತ್ತಾಗಿತ್ತು. ವಿರೋಧ ಜೋರಾಗಿ ಸಭೆಯನ್ನು ಮುಂದೂಡಿದರು. 2022ರ ಫೆಬ್ರವರಿಯಲ್ಲಿ ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಪ್ರಧಾನಿಗೆ ಪತ್ರ ಬರೆದರು. ಬಳಸಿದ ಇಂಧನವನ್ನು ರಷ್ಯಾಕ್ಕೆ ವಾಪಸ್ ಕಳಿಸಿ ಎಂದು ಕೇಳಿದರು. ಮಾತು ತಿರುಗಿ 1988ಕ್ಕೇ ಬಂತು.

ನನ್ನ ಹಾಳೆಯಲ್ಲಿ ಇದರ ಗಾತ್ರ ಹೀಗೆ ಬರುತ್ತದೆ. ಅಲ್ಲಿಯ ಒಂದು ರಿಯಾಕ್ಟರ್‌ನಲ್ಲಿ 163 ಇಂಧನ ಕಟ್ಟು. ಒಂದೊಂದೂ ನಾಲ್ಕೂವರೆ ಮೀಟರ್ ಉದ್ದ. ವರ್ಷಕ್ಕೆ ಮೂರರಲ್ಲಿ ಒಂದು ಭಾಗ ಬದಲಿಸಿದರೆ 54. ಎರಡು ಘಟಕ 40 ವರ್ಷ ನಡೆದರೆ 4,300 ಕಟ್ಟು ದಾಟುತ್ತದೆ. ಕೈಗಾದ್ದು ನೈಸರ್ಗಿಕ ಯುರೇನಿಯಂ. ಸಾದಾ ನೀರಿನಲ್ಲಿ ಎಷ್ಟು ಒತ್ತಾಗಿ ಇಟ್ಟರೂ ಅದರಲ್ಲಿ ಸರಪಳಿ ಕ್ರಿಯೆ ಶುರುವಾಗುವುದಿಲ್ಲ. ಕೂಡಂಕುಳಂನದು ಸಮೃದ್ಧಗೊಳಿಸಿದ ಯುರೇನಿಯಂ. ಅಲ್ಲಿ ಅಂತರ ಬೇಕು, ಸರಪಳಿ ಕ್ರಿಯೆ ತಡೆಯುವ ಬೋರಾನ್ ಬೇಕು. ಹಾಗಾಗಿ ಒಂದು ಸ್ಥಾವರದ ಪರಿಶೀಲನೆ ತೋರಿಸಿ ಇನ್ನೊಂದಕ್ಕೂ ಇದೇ ಸಾಕು ಎನ್ನಲು ಬರುವುದಿಲ್ಲ. ಈ ಎರಡು ಸಾಲು ಪಕ್ಕಪಕ್ಕ ಇಟ್ಟಾಗ ಚಾರ್ಟ್ ನಿಜವಾಗಿ ಉಪಯೋಗಕ್ಕೆ ಬಂತು ಅನ್ನಿಸಿತು.

ಫುಕುಶಿಮಾ ಸಾಲು

2011ರ ಮಾರ್ಚ್ ಸುನಾಮಿ ಆದಾಗ 4ನೇ ಘಟಕದ ಕೊಳದಲ್ಲಿ 1,535 ಇಂಧನ ಕಟ್ಟು ಇದ್ದವು. ಕರೆಂಟ್ ಹೋಯಿತು, ತಂಪು ಮಾಡುವ ಪಂಪ್ ನಿಂತಿತು. ಅಲ್ಲಿ ಉತ್ಪತ್ತಿಯಾಗುತ್ತಿದ್ದ ಶಾಖ ಸುಮಾರು 2 ಮೆಗಾವ್ಯಾಟ್. ಅಷ್ಟು ಶಾಖಕ್ಕೆ ದಿನಕ್ಕೆ 75 ಟನ್ ನೀರು ಆವಿಯಾಗುತ್ತದೆ ಎಂದು ನನ್ನ ಹಾಳೆ ಹೇಳುತ್ತದೆ. ಕೊನೆಗೆ ಕಾಂಕ್ರೀಟ್ ಪಂಪ್ ಲಾರಿಯ ಉದ್ದನೆಯ ತೋಳಿನಿಂದ ನೀರು ಸುರಿದರು. ಇಂಧನ ನೀರಿನಿಂದ ಹೊರಗೆ ಬರಲಿಲ್ಲ. 2014ರ ಡಿಸೆಂಬರ್ ಹೊತ್ತಿಗೆ ಎಲ್ಲವನ್ನೂ ಹೊರಗೆ ತೆಗೆದರು.

ಅದೇ ಆವರಣದಲ್ಲಿ 9 ಒಣ ಕ್ಯಾಸ್ಕ್ ಇದ್ದವು. ಅವುಗಳಲ್ಲಿ 408 ಕಟ್ಟು. ಸುನಾಮಿ ನೀರು ಅಲ್ಲಿಗೂ ನುಗ್ಗಿತು. ಇಂಧನಕ್ಕೆ ಏನೂ ಆಗಲಿಲ್ಲ. ಕ್ಯಾಸ್ಕ್ ಬಗ್ಗೆ ನನಗೆ ಇದ್ದ ಅನುಮಾನ ಇದನ್ನು ಓದಿ ಕಡಿಮೆಯಾಯಿತು. ತಣ್ಣಗಾದ ಇಂಧನವನ್ನು ಕೊಳದಲ್ಲಿ ತುಂಬಿಸಿ ಇಡುವುದಕ್ಕಿಂತ ಬೇಗ ಕ್ಯಾಸ್ಕ್‌ಗೆ ಸಾಗಿಸುವುದು ಒಳ್ಳೆಯದು ಎಂದು ಈಗ ಗಟ್ಟಿಯಾಗಿ ಹೇಳುತ್ತೇನೆ. ಕ್ಯಾಸ್ಕ್ ಬೇಡ ಎಂದು ಹೋರಾಡುವ ಗೆಳೆಯರೊಂದಿಗೆ ಈ ವಿಷಯಕ್ಕೆ ವಾದವೂ ಆಗಿದೆ.

ಅಮೆರಿಕ ಸಾಲು

ಇಲ್ಲಿ ಎರಡು ತೀರ್ಪು ಮುಖ್ಯ. ಕ್ಯಾಲಿಫೋರ್ನಿಯಾ ಕರಾವಳಿಯ ಡಯಾಬ್ಲೊ ಕ್ಯಾನಿಯನ್ ಸ್ಥಾವರದಲ್ಲಿ ಒಣ ದಾಸ್ತಾನಿಗೆ 2004ರಲ್ಲಿ ಪರವಾನಗಿ ಸಿಕ್ಕಿತು. ಸ್ಥಳೀಯ ತಾಯಂದಿರ ಶಾಂತಿ ಸಂಘಟನೆಯೊಂದು ಕೋರ್ಟ್‌ಗೆ ಹೋಯಿತು. ಭಯೋತ್ಪಾದಕ ದಾಳಿ ಆದರೆ ಪರಿಸರಕ್ಕೆ ಏನಾಗುತ್ತದೆ ಎಂದು ನೋಡಲೇ ಇಲ್ಲವಲ್ಲ ಎಂಬುದು ಅವರ ಪ್ರಶ್ನೆ. 2006ರಲ್ಲಿ ಕೋರ್ಟ್ ಅವರ ಮಾತು ಒಪ್ಪಿತು. ಪರವಾನಗಿ ಕೊಡುವ ಅಣು ನಿಯಂತ್ರಣ ಆಯೋಗ ಮತ್ತೆ ಪರಿಶೀಲನೆ ಮಾಡಿತು, ಗಂಭೀರ ಪರಿಣಾಮ ಇಲ್ಲ ಎಂದಿತು. 2011ರಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಂಘಟನೆ ಕೊನೆಗೆ ಸೋತಿತು. ಆದರೂ ಅವರು ಕೇಳಿದ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿಕ್ಕಿತು. ಅದು ಸಣ್ಣದಲ್ಲ.

ಎರಡನೆಯದು 2012ರದು. ಶಾಶ್ವತವಾಗಿ ಹೂಳುವ ಜಾಗ ಬೇಕಾದಾಗ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಮೇಲೆ ಆಯೋಗ ಪರವಾನಗಿ ಕೊಡುತ್ತಿತ್ತು. ಸಿಗದೇ ಹೋದರೆ ಏನು, ಕೊಳ ಸೋರಿದರೆ ಏನು, ಬೆಂಕಿ ಬಿದ್ದರೆ ಏನು ಎಂದು ಕೋರ್ಟ್ ಕೇಳಿತು. ಆ ನಿಯಮವನ್ನೇ ರದ್ದು ಮಾಡಿತು. 2014ರಲ್ಲಿ ಹೊಸ ಅಧ್ಯಯನ ಬಂತು. ಅದರಲ್ಲಿ ಮೂರು ಕಾಲಾವಧಿ ಇದೆ: ಸ್ಥಾವರದ ಪರವಾನಗಿ ಮುಗಿದ ಮೇಲೆ 60 ವರ್ಷ, ಅದರ ಮೇಲೆ ಇನ್ನೂ 100 ವರ್ಷ, ಮತ್ತು ಜಾಗ ಸಿಗದೇ ಇದ್ದರೆ ಅನಿರ್ದಿಷ್ಟ ಕಾಲ. ಅವರು ತಲುಪಿದ ತೀರ್ಮಾನ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನೂರು ವರ್ಷಕ್ಕೊಮ್ಮೆ ಕ್ಯಾಸ್ಕ್ ಬದಲಿಸುವ ಸಂಸ್ಥೆ ಎಂದೆಂದಿಗೂ ಇರುತ್ತದೆ ಎಂದು ಹಿಡಿಯುವುದು ದೊಡ್ಡ ಭರವಸೆ. ಆದರೆ "ಎಷ್ಟು ವರ್ಷ" ಎಂಬ ಅಂಕಣವನ್ನು ಪೂರ್ತಿ ತುಂಬಲು ಆದದ್ದು ಈ ಸಾಲಿನಲ್ಲಿ ಮಾತ್ರ.

ಕೋಲಾರ

ನಮ್ಮ ರಾಜ್ಯಕ್ಕೆ ಇದರ ನಂಟು ಹಳೆಯದು. 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯ ಬಳಸದೇ ಬಿಟ್ಟ ಭಾಗದಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಶಾಖಕ್ಕೆ ಬಂಡೆ ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಯೋಗ ನಡೆದಿತ್ತು. 2012ರ ನವೆಂಬರ್‌ನಲ್ಲಿ ಕೂಡಂಕುಳಂ ಕೇಸಿನ ನಡುವೆ ಕೋಲಾರದ ಗಣಿಯ ಹೆಸರು ಮತ್ತೆ ಬಂತು. ಕೆಜಿಎಫ್‌ನಲ್ಲಿ ಜನ ಬೀದಿಗೆ ಇಳಿದರು. ಅಲ್ಲಿ ಹೂಳುವ ಯೋಚನೆ ಇಲ್ಲ ಎಂದು ಸರ್ಕಾರ ಹೇಳಬೇಕಾಯಿತು. ಈ ಸಾಲಿನಲ್ಲಿ ಹೆಚ್ಚು ಬರೆದಿಲ್ಲ.

ಈಗ ಕೈಗಾ 5 ಮತ್ತು 6

ಹೊಸ ಎರಡು ಘಟಕ 700 ಮೆಗಾವ್ಯಾಟ್‌ನವು. 2018ರ ಡಿಸೆಂಬರ್ 15ರಂದು ಅಹವಾಲು ಸಭೆ ನಡೆಯಿತು. 2019ರಲ್ಲಿ ಪರಿಸರ ಅನುಮತಿ ಸಿಕ್ಕಿತು. ನನ್ನ ಹಾಳೆಯ ಪ್ರಕಾರ ಈ ಎರಡರಿಂದಲೇ ವರ್ಷಕ್ಕೆ 190 ಟನ್ ಆಸುಪಾಸು ಇಂಧನ ಹೊರಗೆ ಬರಬಹುದು. ಈಗಿನ ನಾಲ್ಕೂ ಸೇರಿ ತೆಗೆಯುವುದಕ್ಕಿಂತ ಜಾಸ್ತಿ. ಸಭೆಯ ಹೊತ್ತಿನಲ್ಲಿ ಕಾಡಿನ ಬಗ್ಗೆ, ಮರಗಳ ಬಗ್ಗೆ ತುಂಬಾ ಮಾತು ಕೇಳಿಬಂತು. ಬರಬೇಕಾದ ಮಾತೇ. ಆದರೆ ಕೊಳದ ಬಗ್ಗೆಯೂ ಅಷ್ಟೇ ಮಾತು ಬೇಕು.

ನಮ್ಮ ದೇಶದ ನೀತಿಯಲ್ಲಿ ಬಳಸಿದ ಇಂಧನ ಕಸವಲ್ಲ, ಸಂಪತ್ತು. ಅದನ್ನು ಮರುಸಂಸ್ಕರಣೆ ಮಾಡಿ ಪ್ಲುಟೋನಿಯಂ ತೆಗೆದು ಮತ್ತೆ ಬಳಸಬೇಕು ಎಂಬುದು ಯೋಜನೆ. ಆ ಘಟಕಗಳು ತಾರಾಪುರ, ಕಲ್ಪಾಕ್ಕಂನಂಥ ಕಡೆ ಇವೆ. ಹಾಗಾದರೆ ಇಂಧನ ಕೈಗಾದಲ್ಲಿ ಎಷ್ಟು ವರ್ಷ ಇರುತ್ತದೆ, ಯಾವ ದಾರಿಯಲ್ಲಿ ಹೊರಡುತ್ತದೆ ಎಂಬುದು ಕೈಗಾ ಸುತ್ತಲಿನವರು ಕೇಳಬೇಕಾದದ್ದೇ. ಕೈಗಾ ಇರುವುದು ಕೊಡಸಳ್ಳಿ ಅಣೆಕಟ್ಟಿನ ಕೆಳಗೆ, ಕದ್ರಾ ಹಿನ್ನೀರಿನ ದಂಡೆಯಲ್ಲಿ. ಮೇಲೆ ಸೂಪಾ ಇದೆ. 2019ರಲ್ಲಿ, 2021ರಲ್ಲಿ ಕಾಳಿ ಕಣಿವೆಯ ನೆರೆ ನಾವೆಲ್ಲ ನೋಡಿದ್ದೇವೆ. ಮುಂದಿನ ನೂರು ವರ್ಷದ ಮಳೆ ಲೆಕ್ಕ ಹಿಡಿಯದೆ ಇಲ್ಲಿ ಕೊಳದ ಪರಿಶೀಲನೆ ಪೂರ್ತಿಯಾಗುವುದಿಲ್ಲ.

ಹಾಗಾಗಿ ಚಾರ್ಟ್‌ನ ಜೊತೆಗೆ ಒಂದು ಪುಟದ ಪ್ರಶ್ನೆಪಟ್ಟಿ ಬರೆಯುತ್ತಿದ್ದೇನೆ. ಯಾವ ಊರಿನ ಸಭೆಗಾದರೂ ಹಿಡಿದುಕೊಂಡು ಹೋಗಬಹುದು. ಇಂಧನ ಇಲ್ಲಿ ಎಷ್ಟು ವರ್ಷ ಇರುತ್ತದೆ ಎಂದು ಅಧ್ಯಯನ ಹಿಡಿದಿದೆ? ಆಮೇಲೆ ಎಲ್ಲಿಗೆ? ಆ ಜಾಗ ತಯಾರಾಗದಿದ್ದರೆ ಏನು? ಪಂಪ್ ನಿಂತರೆ ಕೊಳದ ನೀರು ಎಷ್ಟು ದಿನ ಸಾಕು? ಈ ಲೆಕ್ಕ ಬದಲಾದರೆ ಮತ್ತೆ ಸಭೆ ಕರೆಯುತ್ತೀರಾ?

ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆ ಪ್ರಕಾರ ಸಭೆಗೆ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ನೋಡಲು ಸಿಗಬೇಕು. ಸಭೆಗೆ ಇಷ್ಟೇ ಜನ ಬರಬೇಕು ಎಂಬ ನಿಯಮ ಇಲ್ಲ. ಇಡೀ ಸಭೆಯ ವಿಡಿಯೊ ಆಗಬೇಕು. ಬರಲಾಗದವರು ಬರವಣಿಗೆಯಲ್ಲೂ ಕೊಡಬಹುದು. ಪಟ್ಟಿಯ ಕೆಳಗೆ ಇಷ್ಟನ್ನೂ ಹಾಕಿದ್ದೇನೆ.

ಮುಂದಿನ ಕೆಲಸ ಕ್ಯಾಸ್ಕ್‌ನ ಅಡ್ಡಸೀಳಿದ ಮಾದರಿ. ಗಾಳಿ ಕೆಳಗಿನ ಕಿಂಡಿಯಿಂದ ಒಳಗೆ ಬಂದು ಮೇಲಿನಿಂದ ಹೋಗುವುದು ಕಾಣುವ ಹಾಗೆ ಒಳಗೊಂದು ಸಣ್ಣ ಬಲ್ಬ್, ಒಂದು ಅಗರಬತ್ತಿ ಇಡಬೇಕು ಅಂದುಕೊಂಡಿದ್ದೇನೆ. ರಾಜಸ್ಥಾನ ಸ್ಥಾವರದ ಒಣ ದಾಸ್ತಾನಿನ ಬಗ್ಗೆ ಓದುವುದೂ ಬಾಕಿ ಇದೆ. ಅದು ಕೈಗಾದಂಥದೇ ಇಂಧನ, ಆದ್ದರಿಂದ ಚಾರ್ಟ್‌ನಲ್ಲಿ ಕೈಗಾ ಪಕ್ಕದಲ್ಲೇ ಅದಕ್ಕೆ ಜಾಗ ಬಿಟ್ಟಿದ್ದೇನೆ.