ಭುಜದ ಗುಣಿ ಹುಟ್ಟಿನಿಂದಲೇ ಕುಗ್ಗಿದ್ದರೆ ಅದು ಯಾರ ತಪ್ಪು?

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ‘ಗ್ಲೆನಾಯ್ಡ್ ಹೈಪೋಪ್ಲೇಸಿಯಾ’ (ಭುಜದ ಗುಣಿ ಪೂರ್ತಿ ಬೆಳೆಯದಿರುವುದು) ಎಂದು ಬರೆದ ವರದಿ ಬರುವುದು ಅಪರೂಪ. ಆದರೆ ಬಂದಾಗಲೆಲ್ಲ ಜೊತೆಗಿರುವ ತಾಯಿ ಕೇಳುವ ಪ್ರಶ್ನೆ ಒಂದೇ: “ಕೂಸಿದ್ದಾಗ ಎಣ್ಣೆ ತಿಕ್ಕಿ ನೀರು ಹಾಕುವಾಗ ಅಜ್ಜಿ ಕೈ ಎಳೆದಿದ್ದಕ್ಕೇ ಹಿಂಗಾತೇನ್ರಿ?”

ಖಂಡಿತ ಅಲ್ಲ. ತೋಳಿನ ಮೂಳೆಯ ದುಂಡು ತಲೆ ಕೂರುವ ಗುಣಿ ಹೆಗಲ ಮೂಳೆಯ ಭಾಗ; ಹುಟ್ಟುವಾಗ ಅದು ಬಹುಪಾಲು ಮೃದ್ವಸ್ಥಿಯೇ. ಅದರ ಮೇಲ್ಭಾಗ ಸುಮಾರು 10ನೇ ವಯಸ್ಸಿನಲ್ಲಿ, ಕೆಳಭಾಗ ಹರೆಯ ಬರುವ ಹೊತ್ತಿಗೆ ಗಟ್ಟಿ ಎಲುಬಾಗತೊಡಗುತ್ತದೆ. ಕೆಳಭಾಗದ ಈ ಬೆಳವಣಿಗೆಯ ಕೇಂದ್ರ ಸರಿಯಾಗಿ ರೂಪುಗೊಳ್ಳದಿದ್ದಾಗ ಗುಣಿಯ ಕೆಳ ಅಂಚು ಮತ್ತು ಅದಕ್ಕೆ ಹೊಂದಿಕೊಂಡ ಮೂಳೆಯ ಕತ್ತು ಕುಂಠಿತವಾಗಿ ಉಳಿಯುತ್ತವೆ. ಸಾಮಾನ್ಯವಾಗಿ ಎರಡೂ ಭುಜಗಳಲ್ಲಿ ಒಂದೇ ಬಗೆಯಾಗಿ ಕಾಣುವ ಈ ಕೊರತೆಯನ್ನು ಯಾವ ಅಜ್ಜಿಯ ಕೈಯೂ ಉಂಟುಮಾಡಲಾರದು. ಕೆಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿಯೂ ಬರುತ್ತದೆ.

ಹೆರಿಗೆಯಲ್ಲಿ ಕುತ್ತಿಗೆಯ ಬದಿಯ ನರಗಳಿಗೆ ಪೆಟ್ಟು ಬಿದ್ದರೂ ಗುಣಿ ವಿಕಾರವಾಗಿ ಬೆಳೆಯಬಹುದು ಎಂಬುದು ನಿಜ. ಆದರೆ ಅದು ಸಾಮಾನ್ಯವಾಗಿ ಒಂದೇ ಬದಿಗೆ ಆಗುತ್ತದೆ, ಆ ಕೈ ಹುಟ್ಟಿದಂದಿನಿಂದಲೇ ಬಲಹೀನವಾಗಿರುತ್ತದೆ. ಅಂಥ ಕೂಸನ್ನು ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಲೇಬೇಕು.

ಹಾಗಾದರೆ ಇಷ್ಟು ವರ್ಷ ಇಲ್ಲದ ನೋವು ಈಗೇಕೆ? ಮೂಳೆ ಇಲ್ಲದ ಜಾಗವನ್ನು ದಪ್ಪನಾದ ಮೃದ್ವಸ್ಥಿ ಮತ್ತು ಗುಣಿಯ ಅಂಚಿನ ನಾರುಪಟ್ಟಿ ತುಂಬಿಕೊಂಡಿರುವುದರಿಂದ ಅನೇಕರಿಗೆ ತೊಂದರೆಯ ಸುಳಿವೇ ಸಿಗುವುದಿಲ್ಲ. ಕೆಮ್ಮಿಗೆಂದು ತೆಗೆಸಿದ ಎದೆಯ ಎಕ್ಸ್‌ರೇಯಲ್ಲಿ ಆಕಸ್ಮಿಕವಾಗಿ ಗೊತ್ತಾಗುವುದೂ ಉಂಟು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ, ಗರಡಿಯಲ್ಲಿ ದಂಡ ಹೊಡೆಯುವ ಭುಜಕ್ಕೆ ಆ ಆಸರೆ ಸಾಲದೆ, ನಾರುಪಟ್ಟಿ ಹರಿದು, ತೋಳಿನ ತಲೆ ಹಿಂದಕ್ಕೆ ಜಾರತೊಡಗಬಹುದು.

ಮೊದಲ ಚಿಕಿತ್ಸೆ ವ್ಯಾಯಾಮವೇ. ತೋಳನ್ನು ಗುಣಿಗೆ ಒತ್ತಿ ಹಿಡಿಯುವ ಸ್ನಾಯುಗಳನ್ನೂ ಹೆಗಲ ಮೂಳೆಯನ್ನು ಸ್ಥಿರವಾಗಿಡುವ ಸ್ನಾಯುಗಳನ್ನೂ ತಿಂಗಳುಗಟ್ಟಲೆ ಬಲಪಡಿಸಬೇಕು. ಭುಜ ಹಿಂದಕ್ಕೆ ಜಾರುವವರು ಅಷ್ಟು ಕಾಲ ದಂಡ ಹೊಡೆಯುವುದನ್ನು ಬಿಡಬೇಕೆಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ, ಪೈಲ್ವಾನರಿಗೆ ಬೇಸರವಾದರೂ ಸರಿ. ಕೀಲು ಸವೆದ ಮೇಲೆ ಕೃತಕ ಕೀಲು ಕೂರಿಸಲು ಅಲ್ಲಿ ಮೂಳೆಯೇ ಕಡಿಮೆ ಇರುವುದರಿಂದ ಶಸ್ತ್ರಚಿಕಿತ್ಸಕರಿಗೂ ಆ ಕೆಲಸ ಕಠಿಣವಾಗುತ್ತದೆ. ಎಷ್ಟೋ ಬಾರಿ ಬೇರೆಡೆಯಿಂದ ಮೂಳೆ ತಂದು ಜೋಡಿಸಬೇಕಾಗುತ್ತದೆ.