ಟಯರಿನ ಮೇಲೆ ಅಕ್ಷರ ತಿದ್ದಿದ್ದು

ಕಳೆದ ಆಯುಧಪೂಜೆಗೆ ಎರಡು ದಿನ ಇರುವಾಗ, ನಮ್ಮ ಹಳೆಯ ಸ್ವಿಫ್ಟ್ ಕಾರಿನ ಟಯರುಗಳ ಮೇಲಿರುವ ಉಬ್ಬಕ್ಷರಗಳಿಗೆ ಬಿಳಿ ಬಣ್ಣ ಹಚ್ಚಬೇಕೆಂಬ ಆಸೆ ನನಗೆ ಹುಟ್ಟಿತು. ಬಿಜೈಯ ನಮ್ಮ ಮನೆಯ ಗೇಟಿಗೆ ಬಳಿದು ಮಿಕ್ಕಿದ್ದ ಇನಾಮಲ್ ಡಬ್ಬಿಯ ತಳದಲ್ಲಿ ಒಂದಿಷ್ಟು ಬಿಳಿ ಬಣ್ಣವೂ ಮಗಳ ಚೀಲದಲ್ಲಿ ಒಂದು ಸಪೂರ ಕುಂಚವೂ ಇದ್ದುದರಿಂದ ಖರ್ಚಿನ ಪ್ರಶ್ನೆಯೇ ಬರಲಿಲ್ಲ. ಟಯರು ಎಂಆರ್‌ಎಫ್‌ನದು, ಅಂದರೆ ಒಂದು ಹೆಸರಿಗೆ ಮೂರೇ ಅಕ್ಷರ. ಬ್ರಿಡ್ಜ್‌ಸ್ಟೋನ್ ಹಾಕಿಸಿಕೊಂಡ ಪಕ್ಕದ ಮನೆಯವರು ಇಂಗ್ಲಿಷಿನ ಹನ್ನೊಂದು ಅಕ್ಷರ ತಿದ್ದಬೇಕು. ಪೂಜೆಯ ದಿನ ಸೇವಂತಿಗೆ ಮಾಲೆ ಹಾಕಿಕೊಂಡು, ಚಕ್ರಗಳಡಿ ಲಿಂಬೆಹಣ್ಣು ಇಟ್ಟುಕೊಂಡು ನಿಂತ ಕಾರು ನಿಜಕ್ಕೂ ಚೆನ್ನಾಗಿಯೇ ಕಂಡಿತು.

ಮೂರು ವಾರ ಕಳೆಯುವಷ್ಟರಲ್ಲಿ ಆ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದುಬಂತು, ಉದುರದೆ ಉಳಿದದ್ದು ಚಹಾದ ಕಲೆಯಂತೆ ಕಂದಾಯಿತು. ಬಣ್ಣ ಹಳೆಯದೆಂದು ನಾನು ಮೊದಲು ಡಬ್ಬಿಯನ್ನು ದೂರಿದೆ, ಆದರೆ ತಪ್ಪು ಡಬ್ಬಿಯದಲ್ಲ. ಇನಾಮಲ್ ಒಣಗಿದರೆ ಗಟ್ಟಿ ಪದರವಾಗುತ್ತದೆ; ಕಬ್ಬಿಣದ ಗೇಟು ಅಲುಗಾಡದೆ ನಿಂತಿರುವುದರಿಂದ ಅಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ. ಟಯರಿನ ಪಕ್ಕೆಯ ಸ್ಥಿತಿ ಬೇರೆ, ನೆಲಕ್ಕೆ ತಾಗುವ ಕಡೆ ಅದು ಪ್ರತಿ ಸುತ್ತಿನಲ್ಲೂ ಉಬ್ಬಿ ಮತ್ತೆ ಸಮವಾಗುತ್ತದೆ. ನಮ್ಮ ಅಳತೆಯ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 500 ಸುತ್ತು ಹಾಕುತ್ತದೆಂದು ಲೆಕ್ಕ ಹಿಡಿದರೆ, ಮಂಗಳೂರಿನಿಂದ ಉಡುಪಿಗೆ ಹೋಗಿ ಬರುವಷ್ಟರಲ್ಲಿ ಆ ಬಿಳಿ ಪದರ ಅರ್ಧ ಲಕ್ಷಕ್ಕೂ ಹೆಚ್ಚು ಸಲ ಬಾಗಿ ನೆಟ್ಟಗಾಗಿರುತ್ತದೆ. ನವರಾತ್ರಿಯ ಹುಲಿವೇಷದವರ ಮೈಮೇಲಿನ ಬಣ್ಣವೂ ಬಾಗುವ ಚರ್ಮದ ಮೇಲೆಯೇ ಕೂರಬೇಕಲ್ಲ ಎಂದು ವಾದಿಸಬಹುದು, ಆದರೆ ಅದು ಕೆಲವು ದಿನ ನಿಂತರೆ ಸಾಕು, ಆಮೇಲೆ ತಿಕ್ಕಿ ತೆಗೆಯುವುದೇ ಇದೆ.

ಕಂದು ಕಲೆಯ ಕಾರಣ ಇನ್ನೂ ಒಳಗಿನದು. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳುತ್ತದೆ, ಹಾಗಾಗಿ ಟಯರು ತಯಾರಿಸುವಾಗಲೇ ಓಝೋನ್ ನಿರೋಧಕ ರಾಸಾಯನಿಕಗಳನ್ನೂ ಮೇಣವನ್ನೂ ಬೆರೆಸಿರುತ್ತಾರೆ. ಅವು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಂದು ತೆಳುವಾದ ಪೊರೆಯಾಗಿ ನಿಲ್ಲುತ್ತವೆ, ಗಾಳಿಗೆ ಕಂದಾಗುತ್ತವೆ. ತೊಳೆದು ಶುಚಿಮಾಡಿದ ಟಯರನ್ನು ಬಿಳಿ ಬಟ್ಟೆಯಿಂದ ಒರಸಿದಾಗಲೂ ಅಂಟಿಕೊಳ್ಳುವ ಕಂದು ಬಣ್ಣ ಇದೇ. ಕಾರು ತೊಳೆಯುವ ಅಂಗಡಿಯಲ್ಲಿ ಮಿಂಚಲೆಂದು ಹಚ್ಚುವ ಸಿಲಿಕೋನ್ ಪಾಲಿಶ್ ಇದರ ಮೇಲೆ ಇನ್ನೊಂದು ಜಾರು ಪದರ. ಅಂದರೆ ನಾನು ಬಣ್ಣ ಹಚ್ಚಿದ್ದು ರಬ್ಬರಿಗಲ್ಲ, ಮೇಣಕ್ಕೆ. 1970ರ ದಶಕದ ಅಮೆರಿಕದ ಕಾರುಗಳಲ್ಲಿ ಹೆಸರಾದ ಬಿಳಿ ಅಕ್ಷರದ ಟಯರುಗಳಲ್ಲಿ ಬಣ್ಣವೆಂಬುದೇ ಇರುವುದಿಲ್ಲ. ಪಕ್ಕೆಯೊಳಗೆ ಬಿಳಿ ರಬ್ಬರಿನ ಪಟ್ಟಿ ಹೂತಿಟ್ಟು, ಅಕ್ಷರದ ನೆತ್ತಿಯ ಮೇಲಿನ ಕಪ್ಪು ರಬ್ಬರನ್ನು ಕಾರ್ಖಾನೆಯಲ್ಲೇ ಉಜ್ಜಿ ತೆಗೆಯುತ್ತಾರೆ. ಮನೆಯಲ್ಲಿ ನಾವು ಮಾಡುವುದೆಲ್ಲ ಅದರ ನಕಲು, ಆಯುಷ್ಯವೂ ನಕಲಿಗೆ ತಕ್ಕಷ್ಟೇ.

ಇಷ್ಟು ತಿಳಿದ ಮೇಲೆ, ಮಳೆ ಪೂರ್ತಿ ಬಿಟ್ಟ ಡಿಸೆಂಬರಿನ ಒಂದು ಭಾನುವಾರ ಮತ್ತೆ ಕುಳಿತೆ. ಹಂಪನಕಟ್ಟೆಯ ಸ್ಟೇಷನರಿ ಅಂಗಡಿಯಲ್ಲಿ ಎಣ್ಣೆ ಆಧಾರಿತ ಬಿಳಿ ಪೇಂಟ್ ಮಾರ್ಕರುಗಳನ್ನು ತಂದಿದ್ದೆ. ನೀರಿನ ಬಣ್ಣದ ಮಾರ್ಕರುಗಳು ನೋಡಲು ಅದೇ ತೆರನಾದರೂ ಟಯರಿನ ಮೇಲೆ ಬಾಳುವುದಿಲ್ಲ. ಹಳೆಯ ಬಣ್ಣವನ್ನು ಪೆಟ್ರೋಲಿನಿಂದ ಒರಸಿಬಿಡೋಣವೆಂಬ ಯೋಚನೆ ಬಂದದ್ದು ನಿಜ, ಆದರೆ ಪೆಟ್ರೋಲು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುವುದರಿಂದ ಅದನ್ನು ಕೈಬಿಟ್ಟೆ. ಸಾಬೂನು ನೀರು ಮತ್ತು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅಕ್ಷರದ ಸಂದುಗೊಂದುಗಳನ್ನು ತಿಕ್ಕಿ ತೊಳೆದು ಒಣಗಿಸಿದ ಮೇಲೆ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಅಕ್ಷರದ ಮೇಲ್ಮೈಯನ್ನು ಒರಸುತ್ತಾ ಹೋದೆ. ಮೊದಲ ಬಟ್ಟೆ ಕಪ್ಪಾಯಿತು, ಎರಡನೆಯದು ಕಂದಾಯಿತು, ನಾಲ್ಕನೆಯದು ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿಯಿತು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಒರಸುವುದೇ. ಬೇಸರವಾಗಿ ಇಲ್ಲಿ ಅರ್ಧಕ್ಕೆ ನಿಲ್ಲಿಸಿದವರು ಎಷ್ಟು ದುಬಾರಿ ಮಾರ್ಕರ್ ತಂದರೂ ಉಪಯೋಗವಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಚಕ್ರ ಬಿಚ್ಚಬೇಕಾಗಿಲ್ಲ. ಹೆಸರು ಪಕ್ಕೆಯ ಎರಡು ಕಡೆ ಇರುವುದರಿಂದ ಮೇಲಿರುವುದನ್ನು ಮುಗಿಸಿ, ಒಣಗಿದ ಮೇಲೆ ಕಾರನ್ನು ಅರ್ಧ ಸುತ್ತು ಮುಂದಕ್ಕೆ ಉರುಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೆಂಪುಕಲ್ಲಿನ ತುಂಡೊಂದನ್ನು ಚಕ್ರಕ್ಕೆ ಅಡ್ಡ ಇಟ್ಟರೆ ಸಾಕು. ಮೊದಲ ಲೇಪ ಬೂದು ಬೂದಾಗಿ ಕಂಡರೂ ಅದರ ಮೇಲೆ ಕೂಡಲೇ ಒತ್ತಿ ತಿದ್ದಬಾರದು, ತಿದ್ದಿದರೆ ಕೆಳಗಿನ ಹಸಿ ಬಣ್ಣ ಮಾರ್ಕರಿನ ತುದಿಗೆ ಅಂಟಿ ಎದ್ದುಬರುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಅಷ್ಟೇ ಬಿಟ್ಟು ಮೂರನೆಯದು ಹಚ್ಚಿದೆ. ಗೆರೆ ದಾಟಿದ್ದನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಆಲ್ಕೊಹಾಲಿನಲ್ಲಿ ಅದ್ದಿ ಒರಸಿದೆ. ಫಾರ್ಮುಲಾ ಒನ್ ನೋಡುವ ಮಗಳು, ಅಲ್ಲಿ ಮೆತ್ತನೆಯ ಟಯರಿನ ಗುರುತಾದ ಕೆಂಪೇ ಬೇಕೆಂದಳು. ನಮ್ಮ ಜಂಬಿಟ್ಟಿಗೆ ಮಣ್ಣಿನ ಧೂಳು ಹೇಗೂ ಕೆಂಪು ಹಚ್ಚುತ್ತದೆಂದು ಹೇಳಿ ಸುಮ್ಮನಾಗಿಸಿದೆ.

ಹೀಗೆ ಮೊಣಕಾಲೂರಿ ಕುಳಿತಾಗಲೇ ನಾನು ನನ್ನ ಟಯರುಗಳನ್ನು ಮೊದಲ ಸಲ ಓದಿದ್ದು. 185/65 ಆರ್15 ಎಂಬ ಅಳತೆಯ ಮುಂದಿರುವ 88 ಎಂದರೆ ಒಂದು ಟಯರು 560 ಕಿಲೋ ಭಾರ ಹೊರಬಲ್ಲದು, ಅದರ ಪಕ್ಕದ ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಾಳಬಲ್ಲದು. ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕಂಕಿ ಮಾತ್ರ ಹೊರಗಡೆ ಎಲ್ಲೂ ಕಾಣಲಿಲ್ಲ. ಅದು ಅನೇಕ ಟಯರುಗಳಲ್ಲಿ ಒಂದೇ ಪಕ್ಕೆಯ ಮೇಲಿರುತ್ತದೆ, ನಮ್ಮದರಲ್ಲಿ ಆ ಪಕ್ಕೆ ಕಾರಿನ ಒಳಮೈಗೆ ಮುಖಮಾಡಿತ್ತು. ಟಾರ್ಚು ಹಿಡಿದು ಕಾರಿನಡಿ ತೂರಿ ನೋಡಿದರೆ ಮೂರು ಟಯರುಗಳಲ್ಲಿ 1422, ಅಂದರೆ 2022ರ ಹದಿನಾಲ್ಕನೆಯ ವಾರ. ಎಡಗಡೆಯ ಹಿಂದಿನದರಲ್ಲಿ 2917. ಯಾವಾಗಲೋ ಪಡುಬಿದ್ರಿಯ ಬಳಿ ಪಂಕ್ಚರ್ ಆದಾಗ ಹಾಕಿದ ಸ್ಟೆಪ್ನಿಯನ್ನು ಮತ್ತೆ ಬದಲಿಸಲು ನಾನೇ ಮರೆತಿದ್ದೆ. ಕಾರಿನ ಜತೆಗೇ ಬಂದ ಆ ಟಯರಿನ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಕಪ್ಪಿನ ಮೇಲೆ ಕಣ್ಣಿಗೆ ಬೀಳದ ಅವು, ಮೂರು ಲೇಪ ಹಚ್ಚಿದ ಬಿಳಿ ಅಕ್ಷರದ ನಡುವೆ ಸ್ಪಷ್ಟವಾಗಿ ಗೆರೆ ಎಳೆದಂತೆ ಕಂಡವು.

ಅತಿ ಚಂದವಾಗಿ ತಿದ್ದಿದ್ದ ಆ ಟಯರನ್ನು ಮರುದಿನವೇ ತೆಗೆಸಿ ಹೊಸದು ಹಾಕಿಸಿದೆ. ಉಳಿದ ಮೂರರ ಬಣ್ಣ ಮಾರ್ಚ್ ತಿಂಗಳಲ್ಲಿ ಒಂದು ಲೇಪ ಬೇಡಿತು, ಜೂನಿನ ಮಳೆಯಲ್ಲಿ ಸಿಪ್ಪೆ ಏಳದಿದ್ದರೂ ಈಗ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದೆ. ಹೊಸ ಟಯರಿನ ಮೇಲೆ ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಸವರಿದ ಜಾರು ಲೇಪ ಇರುವುದರಿಂದ, ಕೆಲವು ವಾರ ಓಡಲಿ ಎಂದು ಬಿಟ್ಟದ್ದು ಹಾಗೆಯೇ ಉಳಿದಿದೆ. ಮಿಕ್ಕಿದ ಮಾರ್ಕರ್ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ. ಎಡಗಡೆಯ ಹಿಂದಿನ ಚಕ್ರದ ಮೂರು ಅಕ್ಷರಗಳು ಇನ್ನೂ ಕಪ್ಪಾಗಿಯೇ ಇವೆ.