ಮೂರನೇ ಸಲವೂ ಉದುರಿದ ಗಾರೆ

ಯುಗಾದಿ ಮಾರನೆಯ ಬೆಳಿಗ್ಗೆ ನೋಡಿದರೆ ನಮ್ಮ ಹಳೇ ಹಂಚಿನ ಮನೆಯ ಕಿಟಕಿ ಕೆಳಗೆ ನಾನು ಬಳಿದಿದ್ದ ಸುಣ್ಣದ ಗಾರೆ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಬೆರಳು ತಾಗಿಸಿದೆ, ಒಂದಡಿ ಅಗಲ ಕೈಗೇ ಬಂತು. ಇದು ಮೂರನೇ ಸಲ. ಅದೂ ನೆಲದಿಂದ ಮೂರಡಿವರೆಗೆ ಮಾತ್ರ. ಮೇಲಿನ ತಾತನ ಕಾಲದ ಗಾರೆಗೆ ಮೊಳೆ ಹೊಡೆಯೋದೂ ಕಷ್ಟ.

ಮೊದಲ ಸಲದ ತಪ್ಪು ಸುಣ್ಣದ ಅಂಗಡಿಯವರದು. ‘ಫಸ್ಟ್ ಕ್ವಾಲಿಟಿ’ ಸುಟ್ಟ ಸುಣ್ಣವಂತೆ, ನೀರಿಗೆ ಹಾಕಿದರೆ ಒಂದು ಗುಳ್ಳೆ ಏಳಲಿಲ್ಲ. ಗೋದಾಮಿನಲ್ಲೇ ಗಾಳಿಗೆ ಅರಳಿ ಸತ್ತ ಮಾಲು. ಕೇಳಿದರೆ ‘ನಿಮ್ಮ ನೀರೇ ಸರಿಯಿಲ್ಲ’ ಅಂದರು! ಎರಡನೇ ಸಲದ್ದು ಡ್ರಮ್ಮಿನಲ್ಲಿ ಕೊತಕೊತ ಕುದಿಯಿತು. ತಿಂಗಳು ನೆನೆಸಿ, ಅಳಲೆಕಾಯಿ ಬೆಲ್ಲದ ನೀರು ಬೆರೆಸಿ ಬಳಿದೆ. ಇರುವೆಗಳು ಬಂದವು, ಗಾರೆ ಹೋಯಿತು. ಮೂರನೇ ಸಲ ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿದ್ದೆ.

ಈ ಸಲ ಇಟ್ಟಿಗೆ ಮೇಲೆ ಹತ್ತಿಯಂಥ ಬಿಳಿ ಪುಡಿ ಕಂಡಿತು. ನಾಲಿಗೆಗಿಟ್ಟೆ: ಉಪ್ಪು. (ಅಮ್ಮ ನೋಡಿಬಿಟ್ಟರು.) ಹೊರಗೆ ಓಡಿದೆ. ಸರಿಯಾಗಿ ಅದೇ ಮೂರಡಿ ಎತ್ತರಕ್ಕೆ, ‘ಗಟ್ಟಿಯಾಗಿರಲಿ’ ಅಂತ ಅಪ್ಪ ಹಿಂದೆ ಹಾಕಿಸಿದ್ದ ಸಿಮೆಂಟ್ ಪಟ್ಟಿ! ನೆಲದ ತೇವ ಇಟ್ಟಿಗೆ ಹಿಡಿದು ಏರುತ್ತದೆ, ಸುಣ್ಣದ ಗಾರೆಯಾದರೆ ಅದನ್ನು ಹೊರಗೆ ಆರಲು ಬಿಡುತ್ತದೆ. ಸಿಮೆಂಟು ಆ ದಾರಿ ಮುಚ್ಚಿದ್ದರಿಂದ ತೇವ ಕೋಣೆಯೊಳಕ್ಕೆ ತಿರುಗಿದೆ. ಆರುವಾಗ ಉಪ್ಪು ಹರಳುಗಟ್ಟಿ ಗಾರೆಯನ್ನು ಹಿಂದಿನಿಂದ ತಳ್ಳುತ್ತದೆ. ಉಳಿ ಹಿಡಿದು ನಾಲ್ಕಡಿ ಪಟ್ಟಿ ಕಿತ್ತೆ. ಸುಡು ಬಿಸಿಲಲ್ಲೂ ಒಳಗಿನ ಇಟ್ಟಿಗೆ ಒದ್ದೆ.

ಮೇಸ್ತ್ರಿ ಸಲಹೆ: “ಸಾರ್, ಒಳಗೂ ಎರಡು ಮೂಟೆ ಸಿಮೆಂಟ್ ಹೊಡೆದ್ರೆ ಮುಗೀತು.” ನಮ್ಮ ಬಸವನಗುಡಿ 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ. ನಮ್ಮ ಸಾಲಿನಲ್ಲಿ ಈಗ ಉಳಿದಿರುವ ಹಂಚಿನ ಮನೆ ಎರಡೇ, ಒಂದನ್ನು ಹೀಗೆ ಮುಗಿಸಲು ಮನಸ್ಸಿಲ್ಲ. ಅಂದಹಾಗೆ, ಪಕ್ಕದ ಮನೆ ಕೆಡವಿದಾಗ ಅವರ ಮಂಕಿ ಟಾಪ್ (ಕಿಟಕಿ ಮೇಲಿನ ಮರದ ಪಟ್ಟಿಗಳ ಚೂಪು ಮಾಡು) ಪೂರ್ತಿ ಲಾರಿಯಿಂದ ಇಳಿಸಿಕೊಂಡೆ, ಮಂಚದಡಿ ಇದೆ. ಅರ್ಧ ಪಟ್ಟಿ ಗೆದ್ದಲು ತಿಂದಿದೆ, ಉಳಿದದ್ದು ತೇಗ. ಮಳೆಗಾಲಕ್ಕೆ ಅದೇ ಕೆಲಸ. ಹಳೇ ಪಟ್ಟಿಯ ಅಳತೆಗೆ ಸೀಳಿಕೊಡುವ ಸಾಮಿಲ್ಲು ಗೊತ್ತಿದ್ದರೆ ಹೇಳಿ, ನಾನು ಕೇಳಿದ ಎರಡೂ ಕಡೆ ‘ಪ್ಲೈವುಡ್ ಹಾಕಿ’ ಅಂದರು.

ಗೋಡೆಗೆ ಸದ್ಯ ಗಾರೆ ಇಲ್ಲ. ಉಳಿದ ಸಿಮೆಂಟು ಕಿತ್ತು ಇಟ್ಟಿಗೆ ಆರಲು ಬಿಡುವುದು, ಉಪ್ಪನ್ನು ಒಣ ಬ್ರಷ್ಷಿನಲ್ಲೇ ಗುಡಿಸುವುದು. ನೀರು ಹಾಕಿ ತೊಳೆದರೆ ಕರಗಿ ವಾಪಸ್ ಒಳಗೇ ಹೋಗುತ್ತದೆ. ಮೊದಲ ವಾರ ಹಾರ್ಲಿಕ್ಸ್ ಬಾಟಲಿಯ ಕಾಲು ಭಾಗ ತುಂಬಿದೆ. ಅಮ್ಮ ಅದಕ್ಕೆ ಚೀಟಿ ಅಂಟಿಸಿದ್ದಾರೆ: ‘ಅಡುಗೆಗಲ್ಲ.’